ದುಂಡೂ ಅಲ್ಲ, ಉದ್ದವೂ ಅಲ್ಲ

ನಾನು ಒಂದು ಚೆಂಡು. ಕಂಡವರು ಯಾರೂ ಇದನ್ನು ಒಮ್ಮೆಗೇ ನಂಬುವುದಿಲ್ಲ. ದುಂಡಗಿದ್ದದ್ದರ ಮೇಲೆ ಯಾರೋ ಕೂತಿರಬೇಕು ಎಂದು ಕೆಲವರು ಹೇಳುತ್ತಾರೆ. ಉದ್ದಗಿದ್ದದ್ದು ಊದಿಕೊಂಡಿದೆ ಎಂದು ಇನ್ನು ಕೆಲವರು. ಎರಡೂ ತಪ್ಪು. ನನ್ನನ್ನು ಬೇಕೆಂದೇ ಹೀಗೆ ಮಾಡಿಸಿದರು. ಮಾಡಿಸಿದವರು ಕನ್ನಡಿಗರು, ಅದೂ ಸಮುದ್ರದಾಚೆಯ ಎರಡು ದೇಶಗಳ ಕನ್ನಡಿಗರು. ಈ ಕಥೆ ಹೇಳುವಾಗ ನಡುನಡುವೆ ನನಗೆ ಸಿಟ್ಟು ಬರುತ್ತದೆ. ಸಹಿಸಿಕೊಳ್ಳಿ.

ನಾನು ಹುಟ್ಟಿದ್ದು ಜಲಂಧರದಲ್ಲಿ, ಮನೆಮನೆಯಲ್ಲೂ ಚೆಂಡು ಹೊಲಿಯುವ ಒಂದು ಓಣಿಯಲ್ಲಿ. ನನ್ನನ್ನು ಹೊಲಿದ ಜಸ್ಬೀರ್ ಎಂಬ ಹೆಂಗಸು ಕೊನೆಯ ಗಂಟು ಹಾಕಿ, ತೊಡೆಯ ಮೇಲೆ ಹಿಂದೆ ಮುಂದೆ ತಿರುಗಿಸಿ ನೋಡಿ, ತೊಗಲು ಕತ್ತರಿಸಿದವನು ಅಮಲಿನಲ್ಲಿದ್ದನೇ ಎಂದು ಗಂಡನನ್ನು ಕೇಳಿದಳು. ಚೆಂಡುಗಳನ್ನು ಪರೀಕ್ಷಿಸುವವನು ನನ್ನನ್ನು ಕೆಟ್ಟ ಮಾಲಿನ ಬುಟ್ಟಿಗೆ ಎಸೆದ. ಮಾಲೀಕ ಬಂದು, ಅದು ಆರ್ಡರು ಕೊಟ್ಟು ಮಾಡಿಸಿದ್ದು ಮಾರಾಯ ಎಂಬರ್ಥದಲ್ಲಿ ಏನೋ ಬೈದು ಎತ್ತಿಟ್ಟ. ಮಧ್ಯಾಹ್ನ ಬೇರೊಬ್ಬ ಬಂದು ಮತ್ತೆ ಅದೇ ಬುಟ್ಟಿಗೆ ಹಾಕಿದ. ಇಂಥ ಚೆಂಡನ್ನು ಇನ್ನೊಬ್ಬರು ಕೇಳುವುದಿಲ್ಲವೆಂದು ನನಗಾಗಿ ಮಾಡಿಸಿದ ಕಬ್ಬಿಣದ ಅಚ್ಚನ್ನು ಮಾಲೀಕ ಆ ವಾರವೇ ಗುಜರಿಗೆ ಹಾಕಿಬಿಟ್ಟ. ಹಾಗಾಗಿ ನನಗೆ ಅಣ್ಣತಮ್ಮಂದಿರು ಯಾರೂ ಇಲ್ಲ.

ನನ್ನನ್ನು ಯಾಕೆ ಮಾಡಿಸಿದರು ಎಂಬುದು ನನಗೆ ತಿಳಿದದ್ದು ಮೆಲ್ಬರ್ನ್ ತಲುಪಿದ ಮೇಲೆ. ಅಲ್ಲಿ ನನ್ನ ಪೆಟ್ಟಿಗೆ ಬಿಚ್ಚಿದವರು ವಿರೂಪಾಕ್ಷಪ್ಪ ಹೊಸಮನಿ. ಗದಗಿನ ಕಡೆಯವರು, ಅಲ್ಲಿ ಟ್ರಾಮು ಓಡಿಸುವ ಕೆಲಸ. ಡಿಪೋದ ಗೆಳೆಯರ ಜೊತೆ ಸೇರಿ ಆ ದೇಶದ ಫುಟ್‌ಬಾಲ್ ಕಲಿತವರು. ಅದು ಉದ್ದ ಚೆಂಡಿನ ಆಟ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಓಡುವವನನ್ನು ಅಮುಕಿ ಕೆಡವಬಹುದು. ಐರ್ಲೆಂಡಿನ ಫುಟ್‌ಬಾಲ್ ಬೇರೆ. ಅಲ್ಲಿಯೂ ಕೈ ಕಾಲು ಎರಡೂ ನಡೆಯುತ್ತವೆ, ಆದರೆ ಚೆಂಡು ದುಂಡು, ಕೆಡವುವ ಹಾಗಿಲ್ಲ. ಐರ್ಲೆಂಡಿನ ಕಾರ್ಕ್ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಬೆಳ್ಮಣ್ಣಿನ ಲವೀನಾ ಕುಟಿನ್ಹೊ ಆ ಆಟದಲ್ಲಿ ಪಳಗಿದವರು. ಈ ಎರಡು ದೇಶಗಳ ದೊಡ್ಡ ತಂಡಗಳು ಎರಡೂ ಆಟ ಬೆರೆಸಿ ಒಂದು ಸರಣಿ ಆಡುವುದುಂಟಂತೆ. ಅದೂ ಆಗಾಗ ನಿಂತು, ಆಗಾಗ ಎದ್ದು ಕೂರುವ ಸರಣಿಯೇ. ಅದನ್ನು ನೋಡಿ ಎರಡೂ ಕಡೆಯ ಕನ್ನಡ ಸಂಘಗಳಿಗೆ ನಾವೂ ಯಾಕೆ ಆಡಬಾರದು ಎನ್ನಿಸಿತು. ಗಂಡಸರು ಹೆಂಗಸರು ಸೇರಿದ ತಂಡಗಳು, ಮೂರು ಪಂದ್ಯ. ಕಾರ್ಕಿನವರು ಮೆಲ್ಬರ್ನಿಗೆ ಹೋದರು.

ಮೂರನೆಯ ಪಂದ್ಯದ ಕೊನೆಯ ನಿಮಿಷ. ಸರಣಿ ಸಮ, ಪಂದ್ಯವೂ ಸಮ. ಲವೀನಾ ಅವರಿಗೆ ಫ್ರೀ ಕಿಕ್ ಸಿಕ್ಕಿತು. ಒದ್ದು ಕಂಬಗಳ ನಡುವೆ ಕಳಿಸಿದರೆ ಗೆಲುವು ಅವರದು. ಅವರು ಚೆಂಡು ಕೈಗೆತ್ತಿಕೊಂಡಾಗ ವಿರೂಪಾಕ್ಷಪ್ಪ ಮೈದಾನದೊಳಕ್ಕೆ ಬಂದು, ಮೂರನೇ ಪಂದ್ಯಕ್ಕೆ ಉದ್ದ ಚೆಂಡು ಅಂತ ಬೆಳಗಿನ ನಾಷ್ಟಾದಾಗ ಮಾತಾಗಿತ್ತು, ಇದು ದುಂಡು ಚೆಂಡು, ಈ ಆಟ ಲೆಕ್ಕಕ್ಕಿಲ್ಲ ಎಂದರಂತೆ. ಮಾತಾಗಿದ್ದು ನಿಜ. ಉದ್ದ ಚೆಂಡನ್ನು ಮನೆಯಲ್ಲೇ ಮರೆತು ಬಂದವರು ವಿರೂಪಾಕ್ಷಪ್ಪನವರೇ ಎಂಬುದೂ ನಿಜ. ಜಗಳ ಹತ್ತಿತು. ಮೈದಾನದ ಕಾವಲುಗಾರ ಹೊತ್ತಾಯಿತೆಂದು ಎಲ್ಲರನ್ನೂ ಹೊರಗೆ ಹಾಕಿ ಗೇಟಿಗೆ ಬೀಗ ಜಡಿದ. ಒದೆ ಹಾಗೇ ಉಳಿಯಿತು. ಆ ಸಂಜೆಯ ಬಿಸಿಬೇಳೆ ಭಾತನ್ನು ಎರಡು ತಂಡದವರೂ ಬೇರೆ ಬೇರೆ ಕೋಣೆಯಲ್ಲಿ ಕೂತು ಉಂಡರು.

ಅಲ್ಲಿಗೆ ಸರಣಿ ನಿಂತುಹೋಯಿತು. ವರ್ಷಗಳ ಮೇಲೆ ಫೋನಿನಲ್ಲೇ ರಾಜಿ ನಡೆದು, ನಿಮ್ಮದೂ ಬೇಡ, ನಮ್ಮದೂ ಬೇಡ, ನಡುವಿನದೊಂದು ಚೆಂಡು ಮಾಡಿಸೋಣ ಎಂದು ತೀರ್ಮಾನವಾಯಿತು. ಹಾಗೆ ಹುಟ್ಟಿದವನು ನಾನು. ಸರಣಿ ಮತ್ತೆ ಶುರುವಾಗುವಾಗ ಮೊದಲು ಲವೀನಾ ಅವರು ಆ ಉಳಿದ ಒದೆಯನ್ನು ನನ್ನಿಂದಲೇ ಒದೆಯಬೇಕು, ಆಮೇಲೆ ಉಳಿದದ್ದು. ಇದು ಅವರ ಷರತ್ತು, ಬೇರೇನನ್ನೂ ಅವರು ಕೇಳಲಿಲ್ಲ. ನನಗೋ ಹೆಮ್ಮೆಯೇ ಹೆಮ್ಮೆ. ಹುಟ್ಟುತ್ತಲೇ ಬುಟ್ಟಿ ಸೇರಿದವನಿಗೆ ಒಂದು ಕೆಲಸವಿದೆ ಎಂದು ಗೊತ್ತಾದರೆ ಎಷ್ಟು ಸಂತೋಷವಾಗಬೇಡ ಹೇಳಿ.

ಆಗಲೇ ಆಯುಧಪೂಜೆ ಬಂತು. ವಿರೂಪಾಕ್ಷಪ್ಪನವರ ಮನೆಯಲ್ಲಿ ಅದಕ್ಕೆ ಖಂಡೇಪೂಜಿ ಎನ್ನುತ್ತಾರೆ. ಕಾರು, ಈಳಿಗೆ, ಮಿಕ್ಸರ್, ಲ್ಯಾಪ್‌ಟಾಪ್ ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ಅವರ ಹೆಂಡತಿ ಅನ್ನಪೂರ್ಣಮ್ಮ ನನ್ನನ್ನು ತಂದು ಮಿಕ್ಸರ್ ಪಕ್ಕ ಕೂರಿಸಿದರು. ವಿಭೂತಿ ಎಳೆದರು, ಕುಂಕುಮ ಹಚ್ಚಿದರು, ಚೆಂಡುಹೂವಿನ ಸರ ಹಾಕಿದರು. ಫೋಟೋ ತೆಗೆದದ್ದೇ ತೆಗೆದದ್ದು. ನಾನೂ ಬೀಗಿದೆ. ಅದರ ಫಲ ಮುಂದಿನ ಭಾನುವಾರ ಗೊತ್ತಾಯಿತು.

ಅಂದು ಅಭ್ಯಾಸಕ್ಕೆಂದು ನನ್ನನ್ನು ಹುಲ್ಲಿನ ಮೇಲೆ ಇಟ್ಟರು. ಒಬ್ಬರೂ ಮುಂದೆ ಬರಲಿಲ್ಲ.

"ಪೂಜಿ ಆಗೇದಲ್ರೀ ಇದಕ್ಕ," ಎಂದ ಒಬ್ಬ. "ಒದಿಯೂದು ಹ್ಯಾಂಗ?"

"ಕಾರಿಗೂ ಪೂಜಿ ಮಾಡೇವಿ. ಓಡ್ಸೂದಿಲ್ಲೇನು?" ಎಂದರು ವಿರೂಪಾಕ್ಷಪ್ಪ.

"ಓಡಸ್ತೀವ್ರೀ. ಒದಿಯೂದಿಲ್ಲಲ್ಲ."

ವಿರೂಪಾಕ್ಷಪ್ಪ ತಾವೇ ಒದೆಯಲೆಂದು ಹಿಂದೆ ಸರಿದು ನಿಂತರು. ಕಾಲೆತ್ತಿದರು. ನನ್ನ ಮೇಲೆ ಇನ್ನೂ ಉಳಿದಿದ್ದ ಕುಂಕುಮ ನೋಡಿದರು. ಕಾಲಿಳಿಸಿ, ಬಗ್ಗಿ ನನ್ನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಕಾಲಿಗಾಗಿಯೇ ಹುಟ್ಟಿದವನಿಗೆ ನಮಸ್ಕಾರ ಮಾಡುವವರನ್ನು ಏನೆನ್ನಬೇಕು?

ಅಂದಿನಿಂದ ನನ್ನ ವಾಸ ದೇವರ ಜಗಲಿಯಲ್ಲಿ. ದಿನವೂ ಊದಿನಕಡ್ಡಿ, ಸೋಮವಾರ ಒಂದು ಹೂವು. ಇನ್ನೊಂದು ಚೆಂಡು ಮಾಡಿಸೋಣವೆಂದು ಜಲಂಧರಕ್ಕೆ ಫೋನು ಮಾಡಿದರು. ಅಚ್ಚು ಗುಜರಿ ಸೇರಿತ್ತಲ್ಲ, ಮಾಲೀಕ ಕೈ ಚೆಲ್ಲಿಬಿಟ್ಟ. ದುಂಡೋ ಉದ್ದವೋ ಎಂಬ ಹಳೆಯ ಜಗಳ ಮತ್ತೆ ತಲೆಯೆತ್ತಿತು. ಈ ವರ್ಷ ಬೇಡ, ಬರುವ ವರ್ಷ ಎಂದರು. ಬರುವ ವರ್ಷವೂ ಹಾಗೇ ಎಂದರು. ನನ್ನೊಳಗಿನ ಗಾಳಿ ಸಣ್ಣಗೆ ಇಳಿಯುತ್ತಾ ಹೋಗುತ್ತಿತ್ತು. ಸರಣಿ ಮತ್ತೆ ಶುರುವಾಗುತ್ತದಂತೆ ಎಂದು ಸುದ್ದಿ ಬಂದಾಗಲೆಲ್ಲ ವಿರೂಪಾಕ್ಷಪ್ಪ ಸೈಕಲ್ ಪಂಪು ತಂದು ನನಗೆ ಗಾಳಿ ಹೊಡೆಯುತ್ತಿದ್ದರು. ನಾನು ಬಿಗಿಯಾಗಿ ಕಾಯುತ್ತಿದ್ದೆ. ಸುದ್ದಿ ಸತ್ತುಹೋಗುತ್ತಿತ್ತು. ನಾನು ಮತ್ತೆ ಮೆತ್ತಗಾಗುತ್ತಿದ್ದೆ. ಎಷ್ಟೋ ಸಲ ಪಂಪಿನ ಸದ್ದು ಕೇಳಿದರೇ ನನಗೆ ರೇಗುತ್ತಿತ್ತು.

ಒಂದು ದಿನ ಲವೀನಾ ಅವರು ವೀಡಿಯೊ ಕರೆ ಮಾಡಿದರು. ಅನ್ನಪೂರ್ಣಮ್ಮ ಫೋನನ್ನು ಜಗಲಿಯ ಕಡೆ ಹಿಡಿದಿದ್ದರಿಂದ ನಾನು ಅವರನ್ನು ಮೊದಲ ಬಾರಿ ಕಂಡೆ. ಕೂದಲು ಅರ್ಧ ನರೆತಿತ್ತು.

"ನಮಗೆ ಒದೀಲಿಕ್ಕೆ ಎಂತ ತೊಂದರೆ ಇಲ್ಲ ಮಾರಾಯ್ರೆ," ಎಂದರು. "ಆ ಬಾಲನ್ನು ಇಲ್ಲಿಗೆ ಕಳಿಸಿಬಿಡಿ. ನನ್ನ ಮೊಣಕಾಲು ಹೋಗಿದೆ. ಬರುವ ಚಳಿಗಾಲಕ್ಕೆ ಆಪರೇಷನ್ ಉಂಟು. ಆಮೇಲೆ ನಡೀಲಿಕ್ಕೆ ಆಗ್ತದೆ, ಒದೀಲಿಕ್ಕೆ ಆಗ್ಲಿಕ್ಕಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ನನ್ನದು ಒಂದು ಕಿಕ್ ಬಾಕಿ ಉಂಟಲ್ಲ."

ನನ್ನನ್ನು ಬಟ್ಟೆಯಲ್ಲಿ ಸುತ್ತಿ ಕಾರ್ಕಿಗೆ ಕಳಿಸಿದರು. ಸದ್ಯ ಬದುಕಿದೆ ಎಂದುಕೊಂಡೆ. ಆದರೆ ಊರಿಂದ ಬಂದಿದ್ದ ಲವೀನಾ ಅವರ ಅಮ್ಮ, ಮಗಳ ಮೊಣಕಾಲಿಗೆ ಇನ್ನೇನೂ ಆಗದಿರಲಿ ಎಂದು ನನ್ನನ್ನು ಚರ್ಚಿಗೆ ಹೊತ್ತುಕೊಂಡು ಹೋಗಿ ಪಾದ್ರಿಗಳ ಕೈಯಲ್ಲಿ ಪವಿತ್ರ ಜಲ ಹಾಕಿಸಿ ತಂದರು. ಸಂಜೆ ಡ್ಯೂಟಿ ಮುಗಿಸಿ ಬಂದ ಲವೀನಾ ವಿಷಯ ಕೇಳಿ ಕುರ್ಚಿಯಲ್ಲಿ ಕುಸಿದು ಕೂತರು. ನನ್ನನ್ನು ಕೆಳಗೆ ಹಾಕಿ ಒದೆಯಲು ಅವರಿಗೂ ಮನಸ್ಸು ಬರಲಿಲ್ಲ. ಅವರ ಕಪಾಟಿನ ಮೇಲೆ ಸಂತ ಅಂತೋನಿಯವರ ಪಕ್ಕ, ಮೇಣದ ಬತ್ತಿಯ ಎದುರು ನನ್ನ ಇನ್ನೊಂದು ಸಂಸಾರ ಶುರುವಾಯಿತು. ಎರಡು ದೇಶ, ಎರಡು ಧರ್ಮ, ಒದೆ ಮಾತ್ರ ಒಂದೂ ಇಲ್ಲ. ಭಕ್ತಿಯ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ನನ್ನ ಮೇಲೆ ತಂದು ಸುರಿದವರ ಮೇಲೆ ಸಿಟ್ಟು.

ಕೊನೆಗೂ ಸರಣಿ ಎದ್ದಿತು, ನನ್ನನ್ನು ಬಿಟ್ಟು. ಮೊದಲರ್ಧ ದುಂಡು ಚೆಂಡು, ಎರಡನೆಯ ಅರ್ಧ ಉದ್ದ ಚೆಂಡು ಎಂದು ಒಪ್ಪಂದವಾಯಿತು. ಇಷ್ಟು ಸುಲಭದ ಉಪಾಯ ಮೊದಲೇ ಹೊಳೆದಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲ. ಹಾಗಾದರೆ ನಾನು ಯಾತಕ್ಕೆ? ನನ್ನನ್ನು ಮರದ ಪೀಠಕ್ಕೆ ಕೂರಿಸಿ ಬಹುಮಾನ ಮಾಡಿದರು. ಲವೀನಾ ಅವರ ಷರತ್ತನ್ನೂ ಬದಿಗೆ ಸರಿಸಿದರು. "ಆ ಹಳೇದೆಲ್ಲ ಈಗ ಯಾಕ ಬಿಡ್ರಿ ಅಕ್ಕಾರ," ಎಂದರು ವಿರೂಪಾಕ್ಷಪ್ಪ ಫೋನಿನಲ್ಲಿ. ಲವೀನಾ ಟಿಕೆಟ್ ತೆಗೆಸಿದರು, ಆಪರೇಷನ್ನನ್ನು ಮುಂದಕ್ಕೆ ಹಾಕಿಸಿ, ಮೊಣಕಾಲಿಗೆ ಪಟ್ಟಿ ಬಿಗಿದು, ನನ್ನನ್ನೂ ಜೊತೆಗೆ ಕಟ್ಟಿಕೊಂಡು.

ಪಂದ್ಯ ನಡೆದದ್ದು ದಸರೆಯ ಸಮಯದಲ್ಲಿ, ಅದೇ ಮೆಲ್ಬರ್ನಿನ ಅದೇ ಮೈದಾನದಲ್ಲಿ. ನಾನು ಮೇಜಿನ ಮೇಲೆ ಹಾರ ಹಾಕಿಕೊಂಡು ನೋಡುತ್ತಿದ್ದೆ. ಎದುರಿಗೆ ಎರಡು ಚೆಂಡುಗಳು ಒದೆ ತಿನ್ನುತ್ತಿದ್ದವು, ಕೆಸರು ಬಳಿದುಕೊಳ್ಳುತ್ತಿದ್ದವು. ಹೊಟ್ಟೆ ಉರಿಯಿತು. ಮೆಲ್ಬರ್ನಿನವರು ಗೆದ್ದರು. ಬಹುಮಾನ ಕೊಡುವ ಮೊದಲು ಎಲ್ಲರೂ ಬನ್ನಿ ಹಂಚಿಕೊಂಡರು. ಆ ಊರಿನಲ್ಲಿ ಬನ್ನಿ ಎಲ್ಲಿ ಸಿಗಬೇಕು, ಬೇಲಿಯ ಗಿಡದ ಎಲೆಗಳನ್ನೇ ಕಿತ್ತು ತಂದಿದ್ದರು. ವಿರೂಪಾಕ್ಷಪ್ಪ ನಾಲ್ಕು ಎಲೆ ಹಿಡಿದು ಲವೀನಾ ಅವರ ಮುಂದೆ ನಿಂತರು.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಅಕ್ಕಾರ."

ಲವೀನಾ ಕೈ ಚಾಚಲಿಲ್ಲ. "ತಗೊಳ್ತೇನೆ. ನನ್ನ ಕಿಕ್ ಕೊಡಿ."

"ಆ ಚೆಂಡು ದೇವರಾಗಿ ಕುಂತದ್ರಿ. ನಾ ಏನ್ ಮಾಡ್ಲಿ?"

"ನಮ್ಮ ಫಾದರ್ ಹತ್ತಿರ ಬರುವ ಮೊದಲು ಕೇಳಿ ಬಂದಿದ್ದೇನೆ. ಆಡ್ಲಿಕ್ಕೆ ಅಂತಲೇ ಆಶೀರ್ವಾದ ಮಾಡಿದ್ದು, ಇಟ್ಟು ನೋಡ್ಲಿಕ್ಕೆ ಅಲ್ಲ ಅಂತ ಬೈದ್ರು. ನಿಮ್ಮ ಕಡೆಯದ್ದು ನೀವು ನೋಡಿ."

ಆಗ ಅನ್ನಪೂರ್ಣಮ್ಮ ನನ್ನ ಹತ್ತಿರ ಬಂದರು. ನನ್ನನ್ನೇ ನೋಡುತ್ತಾ ನಿಂತವರು ತಟ್ಟನೆ ಹಣೆ ಚಚ್ಚಿಕೊಂಡರು.

"ಅಯ್ಯ ನನ್ನ ಬುದ್ಧಿಗಿಷ್ಟು. ಅವತ್ತ ಪೂಜಿ ಆದಮ್ಯಾಲೆ ನಾವು ಕದಲಿಸ್ಲೇ ಇಲ್ರೀ. ಮಿಕ್ಸರ್ ಕದಲಿಸಿದೆ, ಈಳಿಗಿ ಕದಲಿಸಿದೆ. ಇದನ್ನ ಹಿಡ್ಕೊಂಡು ನೀವು ಫೋಟೋ ತಗಿಯಾಕ ಹೊರಗ ಓಡಿದ್ರಿ."

ಪೂಜೆ ಮುಗಿದ ಮೇಲೆ ಕೂರಿಸಿದ್ದನ್ನು ಚೂರು ಪಕ್ಕಕ್ಕೆ ಸರಿಸಿ, ಹೋಗಿ ಬಾ ಎಂದು ದೇವರನ್ನು ಕಳಿಸಿಕೊಡುವುದು ಪದ್ಧತಿ. ಹಾಗೆ ಕದಲಿಸಿದರೆ ಮಾತ್ರ ವಸ್ತು ಮತ್ತೆ ವಸ್ತುವಾಗುತ್ತದೆ. ಒಂದು ಬೆರಳಿನ ಕೆಲಸ. ಅದೊಂದು ಬೆರಳು ಆಡದಿದ್ದದ್ದಕ್ಕೆ ಇಷ್ಟು ವರ್ಷ ನಾನು ಊದಿನಕಡ್ಡಿಯ ಹೊಗೆ ಕುಡಿದೆ. ಅನ್ನಪೂರ್ಣಮ್ಮ ಕೈಮುಗಿದು, ಹಾರ ತೆಗೆದು, ನನ್ನನ್ನು ಉತ್ತರಕ್ಕೆ ಒಂದಿಷ್ಟು ಸರಿಸಿದರು. ಸೆರಗಿನಿಂದ ಅಳಿದುಳಿದ ಕುಂಕುಮ ಒರೆಸಿ, ಪೀಠದಿಂದ ಬಿಡಿಸಿ ಲವೀನಾ ಅವರ ಕೈಗಿಟ್ಟರು.

"ತಗೋ ತಂಗಿ. ಈಗ ಬರೇ ಚೆಂಡು ಇದು."

ಬರೇ ಚೆಂಡು. ಅಷ್ಟು ಒಳ್ಳೆಯ ಮಾತನ್ನು ನನಗೆ ಯಾರೂ ಅದುವರೆಗೆ ಹೇಳಿರಲಿಲ್ಲ.

ವಿರೂಪಾಕ್ಷಪ್ಪನವರೇ ಪಂಪು ತಂದು ಗಾಳಿ ಹೊಡೆದರು. ಹಳೆಯ ಜಾಗವನ್ನು ತಾವೇ ಹುಡುಕಿ ತೋರಿಸಿದರು. ಆಮೇಲೆ ಓಡಿಹೋಗಿ ಎಡಗಂಬದ ಬುಡದಲ್ಲಿ ತೀರ್ಪು ಹೇಳಲು ನಿಂತರು. ಕಾರ್ಕಿನವರ ಪರವಾಗಿ ಜಯಕರ ಶೆಟ್ಟರು ಬಲಗಂಬದ ಹತ್ತಿರ ಫೋನೆತ್ತಿ ವೀಡಿಯೊ ಮಾಡುತ್ತಾ ನಿಂತರು. ಹೊತ್ತು ಇಳಿದು ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತಿತ್ತು. ಲವೀನಾ ನನ್ನನ್ನು ಎರಡೂ ಕೈಯಲ್ಲಿ ಹಿಡಿದರು. ಕುಂಟುತ್ತಲೇ ಓಡಿ ಬಂದು ಒದ್ದರು.

ಆ ಸುಖವನ್ನು ಹೇಗೆ ಹೇಳಲಿ? ಮೈಯ ಹೊಲಿಗೆಯೆಲ್ಲ ಒಮ್ಮೆಗೇ ಜುಮ್ಮೆಂದಿತು. ದುಂಡು ಚೆಂಡಿನ ಹಾಗೆ ನೇರ ಹೋಗಲೂ ಬರಲಿಲ್ಲ, ಉದ್ದ ಚೆಂಡಿನ ಹಾಗೆ ಸುತ್ತಲೂ ಬರಲಿಲ್ಲ. ಓಲಾಡುತ್ತಾ ಮೇಲೇರಿ, ಎಡಗಂಬದ ತುದಿಯ ಮಗ್ಗುಲಲ್ಲೇ ದಾಟಿ, ಹಿಂದಿನ ಬಟ್ಟೆ ಬದಲಿಸುವ ಕಟ್ಟಡದ ಸೂರಿನ ನೀರಿನ ದೋಣಿಯಲ್ಲಿ ಬಿದ್ದು ಸಿಕ್ಕಿಕೊಂಡೆ.

ಕೆಳಗೆ ಗದ್ದಲ ಶುರುವಾಯಿತು.

"ಹೊರಗ ಹೋತ್ರಿ," ಎಂದರು ವಿರೂಪಾಕ್ಷಪ್ಪ, ಕಣ್ಣು ಉಜ್ಜಿಕೊಳ್ಳುತ್ತಾ.

"ಒಳಗೆ ಹೋದದ್ದು. ವೀಡಿಯೊ ಉಂಟು ನೋಡಿ," ಎಂದರು ಶೆಟ್ಟರು. ವೀಡಿಯೊದಲ್ಲಿ ಇದ್ದದ್ದು ಬರೀ ಬಿಸಿಲು.

ಜಗಳ ಏರಿತು. ಬರುವ ವರ್ಷ ಕಾರ್ಕಿಗೆ ಬನ್ನಿ, ಅಲ್ಲಿ ತೀರ್ಮಾನ ಮಾಡುವ ಎಂದು ಶೆಟ್ಟರು ಸವಾಲು ಹಾಕಿದರು. ಬರ್ತೀವ್ರಿ, ಬಿಡ್ತೀವೇನು ಎಂದರು ವಿರೂಪಾಕ್ಷಪ್ಪ. ಲವೀನಾ ಮಾತ್ರ ಹುಲ್ಲಿನ ಮೇಲೆ ಕಾಲು ಚಾಚಿ ಕೂತು, ಮೊಣಕಾಲು ಒತ್ತಿಕೊಳ್ಳುತ್ತಾ ನಗುತ್ತಿದ್ದರು. ಅವರ ಮುಷ್ಟಿಯಲ್ಲಿ ಬೇಲಿಯ ಗಿಡದ ನಾಲ್ಕು ಎಲೆ ಇದ್ದವು.

ಸೂರು ಎತ್ತರವಾಗಿತ್ತು, ಏಣಿ ಇರಲಿಲ್ಲ. ಆಮೇಲೆ ತೆಗೆದರಾಯಿತು ಎಂದು ಹೋದವರು ಮರೆತರು. ಈಗ ನನ್ನ ಬಣ್ಣ ಹಾರಿದೆ, ಹೊಲಿಗೆ ಬಿಚ್ಚುತ್ತಿದೆ. ಎರಡು ತಂಡಗಳೂ ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ ತಪ್ಪದೆ ಆಡುತ್ತಿವೆ. ಇಲ್ಲಿ ಆಡುವಾಗ ಮೇಲಿಂದ ನೋಡುತ್ತೇನೆ. ಆಟ ಮುಗಿದ ಮೇಲೆ ಪ್ರತಿ ಸಲವೂ ಎಡಗಂಬದ ಬುಡದಲ್ಲಿ ಗುಂಪು ಕೂಡುತ್ತದೆ. ಒಳಗೆ ಎಂದು ಅರ್ಧ ಜನ, ಹೊರಗೆ ಎಂದು ಅರ್ಧ ಜನ. ಲವೀನಾ ಅವರು ಕೋಲೂರಿಕೊಂಡು ಬಂದಾಗ ಅವರನ್ನೂ ಕೇಳುತ್ತಾರೆ. ನನ್ನ ಕೆಲಸ ಒದೆಯುವುದು, ಅದು ಮುಗೀತು ಎನ್ನುತ್ತಾರೆ ಅವರು.

ಕಂಬದ ಒಳಮೈಗೆ ನನ್ನ ಮೈ ಸವರಿಯೇ ಹೋಗಿತ್ತು, ಅದರ ಬಣ್ಣದ ಗೀರು ಇನ್ನೂ ನನ್ನ ಮೇಲಿದೆ. ಒಳಗೇ ಹೋದೆ ನಾನು. ಒಬ್ಬರಾದರೂ ತಲೆಯೆತ್ತಿ ನನ್ನ ಕಡೆ ನೋಡಬಾರದೇ ಎಂದು ಮೊದಮೊದಲು ಕುದಿಯುತ್ತಿದ್ದೆ. ಈಗ ಯಾರಾದರೂ ಏಣಿ ತಂದರೆ ಭಯವಾಗುತ್ತದೆ. ಸತ್ಯ ಗೊತ್ತಾಗಿಬಿಟ್ಟರೆ ಇವರು ಬರುವ ವರ್ಷ ಯಾತಕ್ಕೆ ಆಡುತ್ತಾರೆ?