ಅಜ್ಜಿಯ ಬಾರ್ಲಿ

ತೂಕದ ಯಂತ್ರದ ಮುಳ್ಳು ಹದಿನೇಳು ಕಿಲೋದಲ್ಲೇ ನಿಂತಿತು. ಮುನೀನಾಳಿಗೆ ಒಂಬತ್ತು ವರ್ಷ. ಕಳೆದ ವರ್ಷವೂ ಅಷ್ಟೇ ಇತ್ತು.

ನಿರಾಶ್ರಿತರ ಶಿಬಿರದ ನರ್ಸ್ ಗಲೀಯಾ ರಕ್ತಪರೀಕ್ಷೆಯ ಚೀಟಿಯನ್ನು ಹುಡುಗಿಯ ತಾಯಿ ಸಲ್ಕಾಳ ಮುಂದಿಟ್ಟಳು. "ಗೋಧಿ ಆಗದ ಈ ರೋಗದ ಅಂಶ ರಕ್ತದಲ್ಲಿ ಇಳೀಬೇಕಿತ್ತು. ಇಳಿದಿಲ್ಲ. ಎಲ್ಲೋ ಗೋಧಿ ಸೇರ್ತಾ ಇದೆ ಕಣೇ."

"ಸೇರೋಕೆ ಸಾಧ್ಯಾನೇ ಇಲ್ಲ," ಎಂದಳು ಸಲ್ಕಾ. ಮಗಳ ಜೋಳದ ಹಿಟ್ಟಿಗೆ ಬೇರೆ ಜರಡಿ, ಬೇರೆ ಪಾತ್ರೆ. ಬೆಳಿಗ್ಗೆ ಮೊದಲು ಅವಳ ರೊಟ್ಟಿ ಬೆಂದ ಮೇಲೆಯೇ ಗೋಧಿಹಿಟ್ಟಿನ ಚೀಲದ ಬಾಯಿ ಬಿಚ್ಚುವುದು. ಎಲ್ಲರೂ ಒಂದೇ ಹರಿವಾಣದ ಸುತ್ತ ಕೂತು ಕೈಹಾಕಿ ಉಣ್ಣುವಾಗ ಮುನೀನಾ ಡೇರೆಯ ಕಂಬದ ಬಳಿ ತನ್ನ ತಟ್ಟೆ ಹಿಡಿದು ಬೇರೆ ಕೂರುತ್ತಾಳೆ. ಎರಡು ವರ್ಷದಿಂದ ಹೀಗೇ.

ಗಲೀಯಾ ಹುಡುಗಿಯ ಕಡೆ ಬಾಗಿದಳು. "ಅಮ್ಮ ಕೆಲಸಕ್ಕೆ ಹೋದಾಗ ಏನು ತಿಂತೀಯ ಪುಟ್ಟಿ?"

"ಅಜ್ಜಿ ಉಂಡೆ ಕೊಡ್ತಾಳೆ. ಅದು ಗೋಧಿ ಅಲ್ಲ," ಎಂದಳು ಮುನೀನಾ, ಸರಿಯುತ್ತರ ಕೊಟ್ಟವಳಂತೆ. "ಬಾರ್ಲಿ."

ನರ್ಸ್ ಪೆನ್ನು ಕೆಳಗಿಟ್ಟಳು. "ಬಾರ್ಲಿಯೂ ಗೋಧಿಯಷ್ಟೇ ಕೆಟ್ಟದ್ದು ಅಂತ ನಿನ್ನ ಅಮ್ಮನಿಗೆ ಹೇಳಿರಲಿಲ್ವಾ ಸಲ್ಕಾ?"

ಹೇಳಿದ್ದಳು ಸಲ್ಕಾ. ಹತ್ತು ಸಲ ಹೇಳಿದ್ದಳು.

ಮನೆಗೆ ಬಂದಾಗ ತಾಯಿ ಎಂಬಾರ್ಕಾ ಕೆಂಡದ ಮುಂದೆ ಕೂತು ಚಹಾವನ್ನು ಲೋಟದಿಂದ ಲೋಟಕ್ಕೆ ಎತ್ತರದಿಂದ ಸುರಿದು ನೊರೆ ಕಟ್ಟುತ್ತಿದ್ದಳು. ಪಕ್ಕದಲ್ಲೇ ಹುರಿದ ಬಾರ್ಲಿ ಹಿಟ್ಟಿನ ಚರ್ಮದ ಚೀಲ.

"ಅಮ್ಮಾ, ಮಗುಗೆ ಇದನ್ನ ದಿನಾ ಕೊಡ್ತಿದ್ದೀಯಾ?"

"ದಿನಾ ಎಲ್ಲಿ? ನೀನಿಲ್ಲದಾಗ." ಎಂಬಾರ್ಕಾ ನಕ್ಕಳು. "ನಿನ್ನ ಜೋಳದ ರೊಟ್ಟಿ ಮುಟ್ಟಿದ್ರೆ ಪುಡಿಯಾಗತ್ತೆ. ಅದನ್ನ ತಿಂದು ಯಾರ ಮೈಗೆ ಹತ್ತತ್ತೆ? ಮಗುವಿನ ಮೂಳೆ ನೋಡು."

"ಆ ಮೂಳೆ ಕಾಣ್ತಿರೋದೇ ಇದರಿಂದ. ರಕ್ತದಲ್ಲಿ ಬಂದಿದೆ."

"ರೋಗ ಬಂದಿದ್ದು ಲಾರಿಯಲ್ಲಿ ಬರೋ ನೆರವಿನ ಗೋಧಿಯಿಂದ. ಯಾವ ದೇಶದ್ದೋ, ಯಾವ ಗೋದಾಮಿನದ್ದೋ. ಬಾರ್ಲಿ ನಮ್ಮದು ಕಣೇ. ಮಳೆ ಬಿದ್ದ ತಗ್ಗಲ್ಲಿ ನಮ್ಮಪ್ಪ ಬಿತ್ತುತ್ತಿದ್ದ. ಅದನ್ನ ತಿಂದೇ ನಾವು ಒಂಟೆ ಹಿಂದೆ ನಡೆದಿದ್ದು. ನಮ್ಮ ನೆಲದ ಕಾಳು ನಮ್ಮ ಮಕ್ಕಳನ್ನ ಕೊಲ್ಲತ್ತಾ?"

"ಕೊಲ್ಲತ್ತೆ," ಎಂದಳು ಸಲ್ಕಾ. ಸಿಟ್ಟಿನಲ್ಲಿ ಬಾಯಿಂದ ಜಾರಿದ ಮಾತು ಅದು. "ಈ ರೋಗ ಇರೋ ಮಗುಗೆ ಹೊಟ್ಟೆ ಉಬ್ಬತ್ತೆ, ಭೇದಿ ನಿಲ್ಲಲ್ಲ, ತಿಂದಿದ್ದು ಒಂದೂ ಮೈಗೆ ಸೇರಲ್ಲ. ಬಾರ್ಲಿ ಕೊಟ್ಟಷ್ಟೂ ಬೇಗ ಜೀವ ಹೋಗತ್ತೆ."

ಎಂಬಾರ್ಕಾಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ಹೊಟ್ಟೆ ಉಬ್ಬತ್ತಾ?"

ಸಲ್ಕಾಳಿಗೆ ಆಗ ಹೊಳೆಯಿತು. ಗಡಿ ದಾಟಿ ಶಿಬಿರಕ್ಕೆ ಬಂದ ಎರಡನೇ ವರ್ಷ ಎಂಬಾರ್ಕಾಳ ಮೊದಲ ಮಗ ಲೆಹ್ಬೀಬ್ ಸತ್ತಿದ್ದ. ಮೂರು ವರ್ಷದವನು. ಸಲ್ಕಾ ಹುಟ್ಟುವುದಕ್ಕೆ ಮೊದಲಿನ ಸಂಗತಿ.

"ಅವನಿಗೂ ಹಾಗೇ ಇತ್ತು," ಎಂದಳು ಎಂಬಾರ್ಕಾ. "ರೊಟ್ಟಿ ಕೊಟ್ರೆ ಕಕ್ಕುತ್ತಿದ್ದ. ಅದಕ್ಕೇ ಬಾರ್ಲಿ ಕಲಸಿ ಕೊಟ್ಟೆ. ಕೊನೇ ದಿನದವರೆಗೂ ಕೊಟ್ಟೆ. ಈ ಕೈಯಲ್ಲೇ." ಅವಳು ಮಗಳ ಮುಖವನ್ನೇ ನೋಡಿದಳು. "ಹೇಳೇ. ನಾನೇ ಕೊಂದೆನಾ?"

ಹೌದೋ ಅಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆ ವರ್ಷ ಶಿಬಿರದಲ್ಲಿ ದಡಾರದಿಂದ ಸತ್ತ ಮಕ್ಕಳೂ ಇದ್ದರು, ಹೊಲಸು ನೀರು ಕುಡಿದು ಸತ್ತವರೂ ಇದ್ದರು. ಯಾರ ರಕ್ತವನ್ನೂ ಯಾರೂ ಪರೀಕ್ಷಿಸಿರಲಿಲ್ಲ. ಆದರೆ ಈಗ ಹೌದು ಎಂದರೆ ತಾಯಿಯ ಈ ಕೈ ಇನ್ನೆಂದೂ ಬಾರ್ಲಿಯ ಚೀಲಕ್ಕೆ ಹೋಗುವುದಿಲ್ಲ ಎಂಬುದಂತೂ ಸಲ್ಕಾಳಿಗೆ ಖಚಿತವಾಗಿತ್ತು. ಮುನೀನಾ ಉಳಿಯಬಹುದು.

ತಾಯಿ ಆ ಕೈಯನ್ನು ಇನ್ನೂ ಅವಳ ಮುಂದೆ ಚಾಚಿಕೊಂಡೇ ಇದ್ದಳು.

"ಇಲ್ಲಮ್ಮಾ," ಎಂದಳು ಸಲ್ಕಾ. "ಅವನಿಗೆ ದಡಾರ. ಆ ವರ್ಷ ಎಲ್ಲ ಮಕ್ಕಳಿಗೂ ಬಂದಿತ್ತಲ್ಲ."

"ಬಾರ್ಲಿಯಿಂದ ಅಲ್ವಾ?"

"ಅಲ್ಲ."

ಎಂಬಾರ್ಕಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚಹಾ ಸುರಿದು ಲೋಟ ಮುಂದೆ ತಳ್ಳಿದಳು. "ಮತ್ತೆ? ನಾನು ಹೇಳಿದ್ದೂ ಅದನ್ನೇ. ಬಾರ್ಲಿಯಿಂದ ಯಾರಿಗೂ ಏನೂ ಆಗಲ್ಲ. ನರ್ಸಮ್ಮನಿಗೇನು ಗೊತ್ತು, ನಿನ್ನೆ ಮೊನ್ನೆ ಹುಟ್ಟಿದವಳು."

ಸಲ್ಕಾ ಎದ್ದು ಚರ್ಮದ ಚೀಲವನ್ನು ಎತ್ತಿಕೊಂಡು ಹೋಗಿ ಆಡಿನ ದೊಡ್ಡಿಯಲ್ಲಿ ಸುರಿದು ಬಂದಳು. ಎಂಬಾರ್ಕಾ ತಡೆಯಲಿಲ್ಲ, ಬೈಯಲೂ ಇಲ್ಲ.

"ಆಡಾದ್ರೂ ದಪ್ಪಗಾಗಲಿ," ಎಂದಳಷ್ಟೇ. "ಮುನೀನಾ, ಪಕ್ಕದ ಸುಯೇಲ್ಮಾ ಚಿಕ್ಕಮ್ಮನ ಹತ್ರ ಒಂದು ಹಿಡಿ ಬಾರ್ಲಿ ಹಿಟ್ಟು ಇಸ್ಕೊಂಡು ಬಾ. ಅಜ್ಜಿ ಕೇಳಿದ್ಲು ಅನ್ನು."

ಹುಡುಗಿ ಎದ್ದಳು. ಸಲ್ಕಾ ಅವಳ ತೋಳು ಹಿಡಿದುಕೊಂಡಳು. ಹೆಬ್ಬೆರಳೂ ತೋರುಬೆರಳೂ ಸುತ್ತಿ ಬಂದು ಒಂದಕ್ಕೊಂದು ತಾಗಿದವು.

"ಬಿಡು, ನಾನೇ ಹೋಗ್ತೀನಿ," ಎಂದು ಎಂಬಾರ್ಕಾ ಮೊಣಕಾಲಿಗೆ ಕೈಯೂರಿ ಎದ್ದಳು. ಈ ಶಿಬಿರದಲ್ಲಿ ಮುದುಕಿ ಒಂದು ಹಿಡಿ ಹಿಟ್ಟು ಕೇಳಿದರೆ ಯಾವ ಡೇರೆಯವರೂ ಇಲ್ಲ ಎನ್ನುವುದಿಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ಸಲ್ಕಾ ಶಿಶುವಿಹಾರದ ಕೆಲಸಕ್ಕೆ ಹೋಗಲೇಬೇಕು, ಮಗುವನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ.

ಬಿಸಿಲಿನಲ್ಲಿ ತಾಯಿ ನಿಧಾನವಾಗಿ ಸುಯೇಲ್ಮಾಳ ಡೇರೆಯ ಕಡೆ ನಡೆಯುತ್ತಿದ್ದಳು. ಕೂಗಿ ಕರೆದು, ಲೆಹ್ಬೀಬ್ ಹೋಗಿದ್ದು ಬಾರ್ಲಿಯಿಂದಲೇ ಎಂದುಬಿಡಲು ಇನ್ನೂ ಹೊತ್ತಿತ್ತು. ಸಲ್ಕಾ ಮಗಳ ತೋಳು ಹಿಡಿದುಕೊಂಡೇ ನೋಡುತ್ತಿದ್ದಳು. ಎಂಬಾರ್ಕಾ ಡೇರೆಯ ಪರದೆ ಸರಿಸಿ ಒಳಗೆ ಹೋದಳು.