ಎತ್ತಿನ ಪಾಲಿನ ಹಿಂಡಿ

"ಮುದುಕಿ ಹೋತು, ನನ್ನ ಮೊಮ್ಮಗಳ ಪೀಡೆ ಹೋತು! ಇನ್ನರ ಆ ಕೂಸು ಮನುಷ್ಯಾರು ತಿನ್ನೋದನ್ನ ತಿನ್ನಲಿ!"

ಅಂಬಮ್ಮನ ಮಾತು ಪಡಸಾಲೆಯಲ್ಲಿದ್ದವರ ಕಿವಿಗೆಲ್ಲ ಬಿತ್ತು. ಗೋಡೆಗೆ ಒರಗಿಸಿ ಕೂರಿಸಿದ್ದ ಅತ್ತೆಯ ಹೆಣಕ್ಕೆ ವಿಭೂತಿ ಹಚ್ಚುತ್ತಿದ್ದ ವೀರಬಸಮ್ಮ ಗಿರಕ್ಕನೆ ತಿರುಗಿದಳು.

"ಅವ್ವಾ, ಹೆಣದ ಮುಂದ ನಿಂತು ಹಿಂಗ ಅಂತೀಯಲ್ಲ, ನಿನ್ನ ಬಾಯಿಗೆ ಬೀಗ ಇಲ್ಲೇನು?"

"ಇದ್ದದ್ದು ಅಂದೆ. ಎತ್ತಿನ ಹಿಂಡಿ ಮೊಮ್ಮಗಳಿಗೆ ತಿನ್ನಿಸಿದ ಬೀಗ್ತಿ ಆದವಾನಿ ತಾಲೂಕಿನಾಗ ಈ ಲಿಂಗಕ್ಕ ಒಬ್ಬಾಕೀನ. ನೋಡು ನಿನ್ನ ಮಗಳು ಗಂಗೀನ, ಕಡ್ಡಿ! ಇವನ್ನ ನೋಡು, ಹೆಸರಿಗೆ ತಕ್ಕ ಭೀಮ!"

ಅವಳ ಸೊಂಟದ ಮೇಲೆ ಮಗನ ಮಗ ಭೀಮಲಿಂಗಪ್ಪ ಕೂತಿದ್ದ. ಎರಡು ವರ್ಷದವನು. ತುಂಬುಗೆನ್ನೆ, ದುಂಡು ಕಾಲು. ಹಿಂದೆ ಅವನ ತಾಯಿ ನೀಲಮ್ಮ, ತುಂಬು ಬಸುರಿ, ನಿಂತಿದ್ದಳು. ಅಂಬಮ್ಮನದು ಆದವಾನಿಯ ಹತ್ತಿ ವ್ಯಾಪಾರದ ಮನೆ. ಮಗಳು ವೀರಬಸಮ್ಮನನ್ನು ಆಸ್ಪರಿಯ ಈ ಎಣ್ಣೆ ಗಾಣದ ಮನೆಗೆ ಕೊಟ್ಟದ್ದು ಅವಳಿಗೆ ಇವತ್ತಿಗೂ ಹೊಟ್ಟೆಯುರಿ.

"ಲಿಂಗಕ್ಕ ಕಾಲು ಒತ್ತಿ ನೋಡದ ಹುಡುಗ ಈ ಊರಾಗ ಒಕ್ಕಡೂ ಇಲ್ಲ ಬಿಡ್ರಿ," ಅಂದಳು ಅಂಗಳದಲ್ಲಿದ್ದ ಕೂಲಿಯ ಉರುಕುಂದಮ್ಮ ತೆಲುಗು ಬೆರೆಸಿ. "ನನ್ನ ಮಕ್ಕಳು ಆಕೀನ ಕಂಡ್ರ ಓಡಿ ಪಾರಿಪೋತಿದ್ವು, ದ್ಯಾವುಡಾ! ಹೆಬ್ಬಟ್ಟೋ ಕಬ್ಬಿಣದ ಮೊಳೆಯೋ!"

ಸಾವಿನ ಮನೆಯೆಂಬುದನ್ನೂ ಮರೆತು ಹೆಂಗಸರು ಕಿಸಕ್ಕೆಂದರು.

"ನಕ್ಕದ್ದು ಸಾಕ್ರಿ ತಾಯಿ," ಎಂದರು ಜಂಗಮ ರೇವಣಸಿದ್ದಯ್ಯ. "ಹೆಣ ಕೂರಿಸೋ ವಿಮಾನ ಕಟ್ಟಿ ಆತು. ಹೊತ್ತು ಇಳಿಯೋದ್ರೊಳಗ ಎತ್ತೂನು."

ವೀರಬಸಮ್ಮ ನಗಲಿಲ್ಲ. ಭೀಮನ ಬಾಯಂಚಿನಲ್ಲಿ ನೊಣ ಕೂತಿತ್ತು. ಹುಡುಗ ಅದನ್ನು ಓಡಿಸಲಿಲ್ಲ. ತಲೆಗೂದಲು ಜೋಳದ ಒಣ ಕಣಿಕೆಯ ಬಣ್ಣಕ್ಕೆ ತಿರುಗಿತ್ತು.

*

ಈ ವಯಸ್ಸಿನಲ್ಲಿ ಗಂಗಿಯೂ ಹಿಂಗೇ ಇದ್ದಳು. ಬೆನ್ನಿಗೆ ಇನ್ನೊಂದು ಕೂಸು ಬಂತೆಂದು ಎದೆಹಾಲು ಬಿಡಿಸಿದ್ದರು. ವೀರಬಸಮ್ಮನ ತವರಿನಿಂದ ಡಬ್ಬಿ ತುಂಬ ಸಾಬೂದಾಣಿ ಬಂತು. ಬೆಳಿಗ್ಗೆ ಅದರ ಗಂಜಿ, ಸಂಜೆಗೂ ಅದರ ಗಂಜಿ. ಕೆನ್ನೆ ಉಬ್ಬಿದವು. ದೃಷ್ಟಿ ತೆಗೀರಿ ಅಂದರು ನೆರೆಯವರು.

ಲಿಂಗಕ್ಕ ಮಾತ್ರ ಕೂಸಿನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದಳು. ನಾದಿದ ಹಿಟ್ಟಿನಲ್ಲಿ ಉಳಿದಂತೆ ತಗ್ಗು ಉಳಿಯಿತು.

"ಇದು ಮೈ ಅಲ್ಲ, ನೀರು," ಎಂದವಳೇ ಡಬ್ಬಿಯನ್ನು ಒಯ್ದು ತಿಪ್ಪೆಗೆ ಸುರುವಿದಳು. ಗಾಣದಿಂದ ಆಗಷ್ಟೇ ತೆಗೆದ ಶೇಂಗಾ ಹಿಂಡಿಯನ್ನು ಕುಟ್ಟಿ, ಬೆಲ್ಲ ಕಲಸಿ ಬಾಯಿಗೆ ಇಟ್ಟಳು. ಮೇಲೆ ಜೋಳದ ಅಂಬಲಿ, ಮಜ್ಜಿಗೆ.

"ಶೇಂಗಾ ಪಿತ್ತ! ಸಾಯ್ತೈತಿ ಕೂಸು! ನನ್ನ ಮಗಳೇನು ಎತ್ತಾ?" ಎಂದು ವೀರಬಸಮ್ಮ ಚೀರಿದ್ದಳು.

"ಗಾಣದ ಎತ್ತು ಅದನ್ನ ತಿಂದು ದಿನಾ ತಿರಗತೈತಿ. ನಿನ್ನ ಮಗಳು ಎದ್ದು ನಿಂದರವಲ್ದು. ನೀನ ಹೇಳು, ಯಾರು ಚಲೋ ಉಣ್ಣಾಕ ಹತ್ಯಾರ?"

ವಾರದಲ್ಲಿ ಬಾವು ಇಳಿದು ಎಲುಬು ಕಂಡವು. ಮುದುಕಿ ಕೂಸನ್ನ ಕರಗಿಸಿಬಿಟ್ಟಳು ಎಂದು ಓಣಿಯೆಲ್ಲ ಗುಲ್ಲು. ವೀರಬಸಮ್ಮ ಗಂಟು ಕಟ್ಟಿದಳು. ತವರಿಗೆ ಹೊರಟ ಮುಂಜಾನೆಯೇ ಗಂಗಿ ಗೋಡೆ ಹಿಡಿದು ಗಾಣದ ಕೊಟ್ಟಿಗೆಗೆ ಹೋಗಿ, ಎತ್ತಿನ ಗೋದಲೆಯಿಂದ ಹಿಂಡಿಯ ಚೂರು ಕದ್ದಳು. ಅಜ್ಜಿ ಬೈದರೆ ಕಿಲಕಿಲ ನಕ್ಕಳು. ಆ ಮನೆಯಲ್ಲಿ ಕೂಸು ನಕ್ಕು ತಿಂಗಳುಗಳೇ ಆಗಿದ್ದವು. ವೀರಬಸಮ್ಮ ಗಂಟು ಬಿಚ್ಚಿದಳು.

*

ವಿಭೂತಿಯ ಕೈಯಲ್ಲೇ ವೀರಬಸಮ್ಮ ಭೀಮನ ಕಾಲು ಹಿಡಿದು ಹೆಬ್ಬೆರಳು ಊರಿದಳು. ತೆಗೆದಾಗ ಬೆಳ್ಳನೆಯ ತಗ್ಗು.

"ಎಲ್ಲಾರೂ ನೋಡ್ರಿ! ಈ ತಗ್ಗು ತುಂಬಲಿ, ನಾನು ನಮ್ಮವ್ವನ ಕಾಲಿಗೆ ಬೀಳ್ತೀನಿ!"

ಎಲ್ಲರೂ ಬಗ್ಗಿದರು. ವಿಮಾನದ ಹಗ್ಗ ಬಿಟ್ಟು ರೇವಣಸಿದ್ದಯ್ಯನವರೂ ಬಗ್ಗಿದರು. ತಗ್ಗು ತುಂಬಲಿಲ್ಲ.

"ತುಂಬತೇನವ್ವಾ? ಬಾಯಿ ಬಿಡು!"

"ಹುಚ್ಚಿ! ಮುದುಕಿ ದೆವ್ವಾಗಿ ಮೈಯಾಗ ಬಂದಾಳ!" ಅಂಬಮ್ಮ ಕೆಂಪಗಾದಳು. "ಲಡಾಯಿ ಸುರುವಾಗಿ ಹಡಗು ನಿಂತು ಸಾಬೂದಾಣಿ ಬಂಗಾರ ಆಗೈತಿ, ಆದ್ರೂ ಇವಗ ತಪ್ಪಿಸಿಲ್ಲ ನಾನು. ಹಸದೈತಿ ಕೂಸು. ಒಲಿ ಹಚ್ಚು, ಗಂಜಿ ಕಾಸೋಣ."

"ಮಣ್ಣಾಗೂ ಮಟ ಸಾವಿನ ಮನ್ಯಾಗ ಒಲಿ ಹಚ್ಚತಾರೇನ್ರಿ ಅಮ್ಮಾ?" ಎಂದಳು ಉರುಕುಂದಮ್ಮ.

"ಹಿಂಡಿಗೆ ಒಲಿ ಬೇಕಾಗಿಲ್ಲ," ಎಂದಳು ವೀರಬಸಮ್ಮ.

"ನಡಿ ನೀಲಮ್ಮಾ, ಬಂಡಿ ಹತ್ತು! ಮಣ್ಣಿಗೂ ನಿಲ್ಲೋದು ಬ್ಯಾಡ ಇಲ್ಲಿ!"

ನೀಲಮ್ಮ ಬೆಳಗಿನಿಂದ ಮೊದಲ ಸಲ ಬಾಯಿ ತೆರೆದಳು. "ಕೊಡ್ರಿ ಅತ್ತಿ, ನಾನು ಎತ್ಕೊಂತೀನಿ."

ಅಂಬಮ್ಮ ಹುಡುಗನನ್ನು ಕೊಟ್ಟು, ಸೆರಗು ಝಾಡಿಸಿ ಹೊರನಡೆದು ಬಂಡಿ ಏರಿದಳು. ನೀಲಮ್ಮ ಹಿತ್ತಲ ಬಾಗಿಲಿನಿಂದ ಹೊರಟುಹೋದಳು.

ವಿಮಾನ ಎದ್ದಿತು. ಲಿಂಗಕ್ಕ ಅದರೊಳಗೆ ನೆಟ್ಟಗೆ ಕೂತು, ಊರನ್ನೆಲ್ಲ ನೋಡುವವಳಂತೆ ಓಣಿಗಿಳಿದಳು. ದಾರಿಬದಿಯ ಹುಡುಗರು ಅಭ್ಯಾಸಕ್ಕೆ ಕಾಲು ಹಿಂದಕ್ಕೆಳೆದುಕೊಂಡರು.

"ನೀಲಮ್ಮಾ! ಏ ನೀಲಮ್ಮಾ! ಹೊತ್ತಾತು!" ಅಂಬಮ್ಮ ಬಂಡಿಯಿಂದ ಕೂಗುತ್ತಲೇ ಇದ್ದಳು. ಎತ್ತುಗಳು ಕೊರಳ ಗಂಟೆ ಅಲ್ಲಾಡಿಸಿದವು. ಯಾರೂ ಬರಲಿಲ್ಲ.

ಗಂಗಿಯ ಕೈಹಿಡಿದು ವಿಮಾನದ ಹಿಂದೆ ಹೊರಟ ವೀರಬಸಮ್ಮ ಗಾಣದ ಕೊಟ್ಟಿಗೆಯತ್ತ ತಿರುಗಿ ನೋಡಿದಳು. ಗೋದಲೆಗೆ ಒರಗಿ ಕೂತ ನೀಲಮ್ಮ ಹಿಂಡಿಯ ತುಂಡನ್ನು ತಾನೇ ಕಚ್ಚಿ ಮೆತ್ತಗೆ ಮಾಡಿ ಹುಡುಗನ ಬಾಯಿಗೆ ಇಡುತ್ತಿದ್ದಳು. ಅವಳ ತೊಡೆಯ ಮೇಲೆ ಚಾಚಿದ್ದ ಅವನ ಕಾಲಿನಲ್ಲಿ ವಿಭೂತಿಯ ತಗ್ಗು ಇನ್ನೂ ಹಾಗೇ ಇತ್ತು.