ಮೂರನೇ ವಿಷಲ್

"ಇನ್ನೊಂದ್ ಕೆನ್ನೆನೂ ತೋರ್ಸಮ್ಮಿ. ನಿಮ್ಮೇಸಪ್ಪ ಅಂಗೇ ಯೋಳವ್ನಂತಲ್ಲ."

ಹೊಡೆದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಜಲ್ಲಿ ಕ್ರಷರ್ ಮಾಲೀಕ ರವೀಂದ್ರ ನಕ್ಕ. ಪುಟ್ಟತಾಯಮ್ಮನಿಗೆ ಏಟಿಗಿಂತ ಆ ಒರೆಸಿಕೊಂಡದ್ದೇ ಹೆಚ್ಚು ಉರಿಯಿತು. ಅವಳ ಅಜ್ಜನ ಕಾಲಕ್ಕೇ ಕೇರಿಯವರೆಲ್ಲ ಜ್ಞಾನಸ್ನಾನ ಮಾಡಿಸಿಕೊಂಡು ಕೊರಳಿಗೆ ಶಿಲುಬೆ ಹಾಕಿಕೊಂಡಿದ್ದರು. ಊರವರು ಅವರನ್ನು ಮುಟ್ಟಿದ ಕೈ ಒರೆಸಿಕೊಳ್ಳುವುದು ಮಾತ್ರ ಇನ್ನೂ ನಿಂತಿಲ್ಲ.

ಅವಳು ಮಾಡಿದ ತಪ್ಪಿಷ್ಟೇ, ಬೆಟ್ಟದ ನೆತ್ತಿಯ ದೊಣೆಗೆ ಸಿಡಿಮದ್ದು ಇಡಬೇಡಿ ಅಂದಿದ್ದಳು. ಪಾಂಡವಪುರದ ಮಗ್ಗುಲ ಆ ಊರಲ್ಲಿ ಒಳ್ಳೆಯ ನೀರೆಂದು ಉಳಿದದ್ದು ಬಂಡೆ ನಡುವಿನ ಆ ಹೊಂಡವೊಂದೇ. ಬೋರ್‌ವೆಲ್ಲುಗಳೆಲ್ಲ ಸಿಡಿತಕ್ಕೆ ಬಿರಿದು ಕೆಸರು ಕಾರುತ್ತಿದ್ದವು. ಕೇರಿಯ ಬಿಂದಿಗೆಗೂ ಅದೇ, ಆಡಿಗೂ ಅದೇ, ನವಿಲಿಗೂ ಅದೇ. ಫಾದರ್ ಹತ್ತಿರ ಹೋದರೆ, ಶಾಂತಿಯಿಂದಿರಮ್ಮ, ಸಹಿಸಿಕೋ ಎಂದು ಕಳಿಸಿದ್ದರು. ಚರ್ಚಿನ ಕಾಂಪೌಂಡಿಗೆ ಜಲ್ಲಿಯನ್ನು ಪುಕ್ಕಟೆ ಕೊಟ್ಟವನು ಇದೇ ರವೀಂದ್ರ. ಪುಕ್ಕಟೆ ಜಲ್ಲಿ ಸಿಕ್ಕವರಿಗೆ ಶಾಂತಿಗೇನು ಬರ!

ಮಗ ರಾಹುಲ್ ನಿನ್ನೆ ಡೀಸೆಲ್ ಕ್ಯಾನು ಹಿಡಿದು, ಬಂಡೆ ಕೊರೆಯೋ ಕಂಪ್ರೆಸರ್ ಸುಟ್ಟೇ ಬರ್ತೀನಿ ಎಂದು ಹೊರಟಿದ್ದ. ಅವಳೇ ಅಡ್ಡ ನಿಂತು ಕಿತ್ತುಕೊಂಡಿದ್ದಳು.

"ಬೆಂಕಿ ಇಕ್ಕದು ಅವ್ನ ಕಸುಬು ಕಣ್ಲಾ. ಬೆಟ್ಟ ಉಳುಸ್ಕಳಕೆ ವೊಂಟೋರು ನಾವೂ ಅದ್ನೇ ಮಾಡದಾ?"

ಈಗ ರವೀಂದ್ರ ಕೆಂಪು ಬಾವುಟವನ್ನೂ ವಿಷಲ್ಲನ್ನೂ ಅವಳ ಕೈಗೆ ತುರುಕಿದ. ಅವನ ಹತ್ತಿರ ಅವಳ ಕೂಲಿ ಕೆಲಸ ಅದೇ. ಮೊದಲ ವಿಷಲ್ಲಿಗೆ ಜನ, ದನ ಏಳಬೇಕು. ಎರಡನೆಯದಕ್ಕೆ ದೂರ ಸರಿದಿರಬೇಕು. ಯಾರೂ ಇಲ್ಲವೆಂದು ಕಣ್ಣಾರೆ ನೋಡಿ ಅವಳು ಮೂರನೆಯದು ಊದಿದ ಮೇಲೆಯೇ ಮದ್ದಿನ ಕುಳ್ಳಯ್ಯ ವೈರನ್ನು ಬ್ಯಾಟರಿಗೆ ಮುಟ್ಟಿಸುವುದು. ಸ್ವಂತ ತಮ್ಮನನ್ನು ಸಿಡಿತಕ್ಕೆ ಕಳೆದುಕೊಂಡ ಮೇಲೆ ಕುಳ್ಳಯ್ಯ ಒಂದು ದಿನವೂ ಈ ಕ್ರಮ ತಪ್ಪಿದವನಲ್ಲ.

ಪುಟ್ಟತಾಯಮ್ಮ ಬೆಟ್ಟ ಹತ್ತಿದಳು. ಮೊದಲನೆಯದು ಊದಿ ಆಡುಗಳನ್ನು ಇಳಿಸಿದಳು. ಎರಡನೆಯದು ಊದಿ ಸುತ್ತ ನೋಡಿದಳು, ಯಾರೂ ಇರಲಿಲ್ಲ. ಆಮೇಲೆ ಮದ್ದು ತುಂಬಿದ ಕುಳಿಗಳ ನಡುವೆ, ದೊಣೆಯ ಅಂಚಿಗೆ ಹೋಗಿ ಬಾವುಟವನ್ನು ತೊಡೆಯ ಮೇಲೆ ಮಡಿಚಿಟ್ಟು ಕೂತುಬಿಟ್ಟಳು. ಭಯವೇನೋ ಇತ್ತು. ಸಿಟ್ಟು ಅದಕ್ಕಿಂತ ದೊಡ್ಡದಿತ್ತು.

"ಊದೇ ಬೇವರ್ಸಿ ಮುಂಡೆ!" ಕೆಳಗಿನಿಂದ ರವೀಂದ್ರ ಕಿರುಚಿದ. ಅವಳು ಅಲುಗದ್ದು ಕಂಡು, ವೈರು ಮುಟ್ಟಿಸು, ತಾನೇ ಎದ್ದು ಓಡ್ತಾಳೆ ಎಂದು ಕುಳ್ಳಯ್ಯನ ಮೇಲೆ ಹರಿಹಾಯ್ದ.

ಕುಳ್ಳಯ್ಯ ಬ್ಯಾಟರಿಯನ್ನು ಚೀಲದೊಳಕ್ಕೆ ಹಾಕಿ ಅದರ ಬಾಯಿ ಕಟ್ಟಿದ.

"ಮೂರ್ನೇದು ಊದಿಲ್ಲ ಕಣಣ್ಣ."

ರವೀಂದ್ರ ಏದುಸಿರು ಬಿಡುತ್ತಾ ತಾನೇ ಹತ್ತಿ ಬಂದು ಕೈ ಎತ್ತಿದ. ಪುಟ್ಟತಾಯಮ್ಮ ಕೈ ಅಡ್ಡ ತರಲಿಲ್ಲ. ಬೆಳಿಗ್ಗೆ ಏಟು ಬೀಳದ ಕೆನ್ನೆಯನ್ನು ತಿರುಗಿಸಿ, ಅವನ ಕಣ್ಣನ್ನೇ ನೋಡಿದಳು.

"ಒಡಿ. ಏಸಪ್ಪ ಕೆನ್ನೆ ತೋರ್ಸು ಅಂದ. ಜಾಗ ಬುಟ್ಟು ಏಳು ಅನ್ನಿಲ್ಲ."

ಏಟು ಬಿತ್ತು. ತುಟಿ ಒಡೆದು ರಕ್ತ ಬಂತು. ರವೀಂದ್ರ ಅಭ್ಯಾಸದಂತೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಪುಟ್ಟತಾಯಮ್ಮ ದೊಣೆಯಿಂದ ಬೊಗಸೆ ನೀರು ಮೊಗೆದು, ಪಕ್ಕಕ್ಕೆ ಬಾಗಿ, ಅವನ ಕೈ ತಾಗಿದ ಎರಡೂ ಕೆನ್ನೆಗಳನ್ನು ಅವನೆದುರಿಗೇ ಉಜ್ಜಿ ಉಜ್ಜಿ ತೊಳೆದುಕೊಂಡಳು. ಆಮೇಲೆ ವಿಷಲ್ಲನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲೇ ಕೂತಳು.